ತಳವಿಲ್ಲದ ಒರಳು

ನಮ್ಮ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಬಂದ ಕೂಡಲೇ ತಿನ್ನಬೇಕು. ನಾನು ತಿನ್ನಲಿಲ್ಲ. ತಟ್ಟೆಯ ಸುತ್ತ ಸುತ್ತುತ್ತಾ ಫೋಟೋ ತೆಗೆದೆ.

ಇದಕ್ಕೆ ಫೋಟೋಗ್ರಾಮೆಟ್ರಿ ಅನ್ನುತ್ತಾರೆ. ಹೆಸರಿಗೆ ಹೆದರಬೇಡಿ. ಮಾಮೂಲಿ ಮೊಬೈಲ್ ಸಾಕು. ವಸ್ತುವಿನ ಸುತ್ತ ತಿರುಗಿ ಐವತ್ತೋ ಅರವತ್ತೋ ಫೋಟೋ ತೆಗೆಯಬೇಕು. ಒಂದರಲ್ಲಿ ಕಂಡದ್ದು ಮುಕ್ಕಾಲು ಪಾಲು ಮುಂದಿನದರಲ್ಲೂ ಕಾಣಬೇಕು. ಎಲ್ಲದರಲ್ಲೂ ಅದೇ ಚುಕ್ಕೆ, ಅದೇ ಗೀರು ಹುಡುಕಿ, ನೀವು ಎಲ್ಲೆಲ್ಲಿ ನಿಂತಿದ್ದಿರಿ ಅಂತ ಲೆಕ್ಕ ಹಾಕಿ, ಸಾಫ್ಟ್‌ವೇರ್ ಒಂದು ತ್ರೀಡಿ ಮಾದರಿ ಮಾಡಿಕೊಡುತ್ತದೆ. 1858ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಮೈಡೆನ್‌ಬೌವರ್ ವೆಟ್ಸ್ಲರ್‌ನ ಚರ್ಚು ಅಳೆಯಲು ಹೋಗಿ ಮೇಲಿಂದ ಬೀಳುವುದರಲ್ಲಿದ್ದ. ಹತ್ತೋದೇ ಬೇಡ, ಫೋಟೋದಿಂದಲೇ ಅಳೆಯೋಣ ಅಂತ ಆಮೇಲೆ ಹೊಳೆಯಿತು. ಪುಣ್ಯಾತ್ಮ ಬಿದ್ದಿದ್ದರೆ ನನ್ನ ದೋಸೆ ಬಿಸಿಯಾಗಿಯೇ ಹೊಟ್ಟೆ ಸೇರುತ್ತಿತ್ತು.

ಮೊದಲ ಫೋಟೋದಲ್ಲಿ ಗುಡ್ಡದಂತಿದ್ದ ಬೆಣ್ಣೆ ಇಪ್ಪತ್ತನೆಯದರಲ್ಲಿ ಕೆರೆಯಾಗಿತ್ತು. ನಾನೇನೋ ಕಂಪ್ಲೇಂಟಿಗೆ ಸಾಕ್ಷಿ ಕೂಡಿಸುತ್ತಿದ್ದೇನೆ ಅಂದುಕೊಂಡ ಹುಡುಗ ಓಡಿಬಂದು ಇನ್ನೊಂದು ಮುದ್ದೆ ಬೆಣ್ಣೆ ಹಾಕಿಹೋದ. ಸಾಫ್ಟ್‌ವೇರ್ ಕೈಚೆಲ್ಲಿತು.

ಕರಗದ ವಸ್ತು ಬೇಕು ಅಂತ ಮನೆಯ ಸ್ಟೀಲ್ ಚೊಂಬು ಹಿಡಿದೆ. ಫಳಫಳ ಹೊಳೆಯುತ್ತಿತ್ತು, ಅದೇ ತಪ್ಪು. ನಾನು ಸರಿದಂತೆ ಅದರೊಳಗಿನ ನನ್ನ ಮುಖವೂ ಸರಿಯುತ್ತದೆ, ಸಾಫ್ಟ್‌ವೇರಿಗೆ ಹಿಡಿದುಕೊಳ್ಳಲು ಗುರುತೇ ಸಿಗುವುದಿಲ್ಲ. ಬಂದದ್ದು ಲಾರಿ ಚಕ್ರದಡಿ ಸಿಕ್ಕಂಥ ಚೊಂಬು. ಹೊಳಪು ಕೊಲ್ಲಲು ಪೌಡರ್ ಉದುರಿಸಬೇಕಂತೆ, ಉದುರಿಸಿದೆ. ಸುಮಾರಾಗಿ ಬಂತು. ತೊಳೆದಿಡಲು ಮರೆತೆ. ಮರುದಿನ ನೀರು ಕುಡಿದ ಅಪ್ಪ, "ಇದೇನು, ನೀರು ಮದುವೆಮನೆ ವಾಸನೆ ಬರ್ತಿದೆಯಲ್ಲ" ಅಂದರು. ಅಮ್ಮ ನನ್ನ ಕಡೆ ನೋಡಿದಳು.

ಹಾಗಾಗಿ ಹಿತ್ತಲಿನ ಒರಳುಕಲ್ಲು. ಗುಳಿ, ಉಳಿ ಏಟು, ಪಾಚಿ; ಬೇಕಾದಷ್ಟು ಗುರುತು. ಮೋಡದ ದಿನ, ನೆರಳಿನ ಕಾಟವಿಲ್ಲ. ಕೂತು ಒಂದು ಸುತ್ತು, ಬಗ್ಗಿ ಒಂದು ಸುತ್ತು, ನಿಂತು ಒಂದು ಸುತ್ತು. ಕಟ್ಟೆ ಮೇಲಿದ್ದ ಅಜ್ಜಿ ಮೂರನೇ ಸುತ್ತಿಗೆ ಎದ್ದು ಬಂದು ಒರಳಿಗೆ ಕುಂಕುಮ ಹಚ್ಚಿ, "ಹರಕೆ ಏನಪ್ಪಾ, ಹುಡುಗಿದಾ?" ಅಂದಳು.

ರಾತ್ರಿಯಿಡೀ ಲ್ಯಾಪ್‌ಟಾಪ್ ಭೋರ್ಗರೆಯಿತು. ಬೆಳಗಾಗುವಷ್ಟರಲ್ಲಿ ಒರಳು ತಯಾರು. ಒಂದೊಂದು ಉಳಿ ಏಟೂ ಕಾಣುತ್ತಿತ್ತು. ಕುಂಕುಮ ಮಾತ್ರ ಅರ್ಧ ಇದ್ದೂ ಅರ್ಧ ಇಲ್ಲದ ಹಾಗೆ, ಮಸುಕು. ಪಕ್ಕದಲ್ಲಿ ಅಳತೆಪಟ್ಟಿ ಇಡಲು ಮರೆತಿದ್ದರಿಂದ ಒರಳು ಕುಂಕುಮದ ಬಟ್ಟಲಷ್ಟಿದೆಯೋ ಚಿತ್ರದುರ್ಗದ ಬಂಡೆಯಷ್ಟಿದೆಯೋ ಸಾಫ್ಟ್‌ವೇರಿಗೆ ಗೊತ್ತಿಲ್ಲ. ಇರಲಿ.

ಅಜ್ಜಿಗೆ ತೋರಿಸಿದೆ. ಬೆರಳಲ್ಲಿ ಅತ್ತ ಇತ್ತ ತಿರುಗಿಸಿ, ಕೊನೆಗೆ ಬುಡಮೇಲು ಮಾಡಿದಳು. ಒಳಗೆಲ್ಲ ಟೊಳ್ಳು.

"ತಳಾನೇ ಇಲ್ವಲ್ಲೋ!"

ಕ್ಯಾಮೆರಾ ಕಾಣದ್ದು ಮಾದರಿಯಲ್ಲಿ ಬರುವುದಿಲ್ಲ, ಅಲ್ವಾ? ತಳ ಬೇಕಿದ್ದರೆ ಒರಳನ್ನು ಮಗುಚಿ ಮತ್ತೆ ಸುತ್ತಬೇಕು. ಮಗುಚಲು ನಾಲ್ಕು ಜನ ಬೇಕು. ಭಾನುವಾರ ಪುರುಸೊತ್ತಿದ್ದವರು ಬನ್ನಿ, ಬೆಣ್ಣೆ ದೋಸೆ ನನ್ನ ಲೆಕ್ಕ. ಈ ಸಲ ಬಿಸಿಯಾಗಿರುವಾಗಲೇ ತಿನ್ನೋಣ.