ಲೀಟರ್ ಎಷ್ಟು ಅಂತ ಕೇಳುವ ಮೊದಲು

ದನ ಕೊಳ್ಳಲು ಬರುವವರ ಮೊದಲ ಪ್ರಶ್ನೆ, "ಎಷ್ಟು ಲೀಟರ್?" ಗುಣ ಹೇಗೆ ಅಂತ ಕೇಳುವವರು ಈಗ ತುಂಬಾ ಕಡಿಮೆ. ಹಾಲು ಬತ್ತಿದ ಮೇಲೂ ದನ ಹಟ್ಟಿಯಲ್ಲೇ ಇರುತ್ತದೆ. ಅದರ ಗುಣದ ಜೊತೆ ದಿನಾ ಏಗಬೇಕಾದವರು ನಾವೇ, ಅಲ್ವಾ?

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಸಣ್ಣ ಅಡಿಕೆ ತೋಟ. ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ತಳಿಯ ಎರಡು ದನ, ಬೊಳ್ಳಿ ಮತ್ತು ಕೆಂಪಿ. ಒಂದೇ ತಾಯಿಯ ಮಕ್ಕಳು, ಕುಡಿಯುವುದೂ ಒಂದೇ ಅಕ್ಕಚ್ಚು (ಅಕ್ಕಿ ತೊಳೆದ ನೀರು). ಗುಣದಲ್ಲಿ ಮಾತ್ರ ಅಜಗಜಾಂತರ. ಬೊಳ್ಳಿಗೆ ಎಲ್ಲದಕ್ಕೂ ಅವಸರ. ಗುಡ್ಡೆಗೆ ಬಿಟ್ಟರೆ ಬೇಲಿ ಎಲ್ಲಿ ಸಡಿಲವಾಗಿದೆ ಅಂತ ನಮಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಕೆಂಪಿ ಹೊಸ ಬಕೆಟ್ ಕಂಡರೂ ಮೂಸಿ ಹಿಂದೆ ಸರಿಯುತ್ತಾಳೆ. ಅಮ್ಮ ಕೂತರೆ ಮಾತ್ರ ಹಾಲು ಇಳಿಸುತ್ತಾಳೆ. ಅದು ಹಟ ಅಂತ ಬೈಯುವವರಿದ್ದಾರೆ. ದನ ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಏರುತ್ತದೆ, ಹಾಲು ಇಳಿಸುವ ಹಾರ್ಮೋನು ಆಕ್ಸಿಟೋಸಿನ್ ಕೆಲಸ ಮಾಡುವುದಿಲ್ಲ. ಬೈದಷ್ಟೂ ಹಾಲು ಮೇಲೆಯೇ ನಿಲ್ಲುತ್ತದೆ.

ನಮ್ಮ ಹಿರಿಯರು ಹಣೆಯ ಸುಳಿ ನೋಡಿ ದನ ಕೊಳ್ಳುತ್ತಿದ್ದರು. ಸುಳಿಯಿಂದ ಮನೆಗೆ ಒಳ್ಳೆಯದು ಕೆಟ್ಟದು ಆಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ಅಮೆರಿಕದ ಪ್ರಾಣಿ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಸುಳಿ ಕಣ್ಣಿಗಿಂತ ಮೇಲೆ ಇರುವ ದನಗಳು ಹಿಡಿದು ನಿಲ್ಲಿಸಿದಾಗ ಜಾಸ್ತಿ ಗಾಬರಿಯಾಗುತ್ತವೆ ಅಂತ. ಗರ್ಭದಲ್ಲಿ ಚರ್ಮ, ಮಿದುಳು ಎರಡೂ ಒಂದೇ ಪದರದಿಂದ ಬೆಳೆಯುತ್ತವೆ, ಸುಳಿಗೂ ಗುಣಕ್ಕೂ ನಂಟು ಅಲ್ಲಿಂದ ಇರಬಹುದು. ಕೆಂಪಿಯ ಸುಳಿಯೂ ಮೇಲೆಯೇ ಇದೆ. ಒಂದು ದನದಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೂ ಅವಳನ್ನು ಕಟ್ಟುವಾಗ ನಾವು ನಿಧಾನ ಮಾಡುತ್ತೇವೆ.

2009ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 516 ಹೈನುಗಾರರನ್ನು ಕೇಳಿ ತಿಳಿದದ್ದನ್ನು ಪ್ರಕಟಿಸಿದರು. ದನಗಳನ್ನು ಹೆಸರು ಹಿಡಿದು ಕರೆಯುವ ಕಡೆ ದನವೊಂದಕ್ಕೆ ವರ್ಷಕ್ಕೆ 258 ಲೀಟರ್ ಹಾಲು ಜಾಸ್ತಿ. ಸುಮ್ನೆ ಹೆಸರಿಟ್ಟರೆ ಹಾಲು ಬರುತ್ತದೆಯೇ? ಹೆಸರಿಟ್ಟವರು ಹತ್ತಿರ ನಿಂತು ನೋಡುತ್ತಾರೆ, ಮೈ ಸವರುತ್ತಾರೆ. ಫಲ ಅದರದ್ದೇ ಅಂತ ನನಗನಿಸುತ್ತದೆ.

ಕೋಳಿಗಳ ವಿಷಯದಲ್ಲಂತೂ ಗುಣ ತಿಳಿಯದೆ ಕೆಲಸವೇ ನಡೆಯುವುದಿಲ್ಲ. ಅವುಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನುವ ಮೇಲು ಕೆಳಗು ಇದೆ ಅಂತ ನಾರ್ವೆಯ ಪ್ರಾಣಿ ವಿಜ್ಞಾನಿ ಶೆಲ್ಡೆರುಪ್-ಎಬ್ಬೆ 1920ರ ದಶಕದಲ್ಲೇ ಬರೆದಿದ್ದಾರೆ. ನಮ್ಮಲ್ಲಿ ಮುದಿ ಕರಿ ಹೇಂಟೆಯೇ ಯಜಮಾನಿ. ಗಾತ್ರದಲ್ಲಿ ಸಣ್ಣದು, ಆದರೆ ಅದು ಅಕ್ಕಿ ಹೆಕ್ಕುವಾಗ ಬೇರೆ ಹೇಂಟೆಗಳು ಹತ್ತಿರ ಬರುವುದಿಲ್ಲ. ಕಾವಿಗೆ ಇಡುವುದೂ ಅದನ್ನೇ. 21 ದಿನ ಅಲ್ಲಾಡದೆ ಕೂರುತ್ತದೆ. ಕಂದು ಹೇಂಟೆ ಮೊಟ್ಟೆ ಜಾಸ್ತಿ ಇಡುತ್ತದೆ, ಆದರೆ ಅರ್ಧ ಕಾವಿಗೇ ಎದ್ದು ಹೋಗುತ್ತದೆ.

ಒಂದು ಬೆಳಗ್ಗೆ ಬೊಳ್ಳಿ ಬೇಲಿ ಕಡೆ ತಿರುಗಿಯೂ ನೋಡಲಿಲ್ಲ. ಹುಲ್ಲು ತಿಂದಳು, ನೀರು ಕುಡಿದಳು. ಬೇರೆಯವರಾದರೆ "ಇವತ್ತು ಪಾಪದ ಹಾಗೆ ಇದ್ದಾಳೆ" ಅನ್ನುತ್ತಿದ್ದರು. ಅಮ್ಮ ಕೂಡಲೇ ಡಾಕ್ಟರಿಗೆ ಫೋನ್ ಮಾಡಿದರು. ನೋಡಿದರೆ ಜ್ವರ. ಬೇಗ ಗೊತ್ತಾದ್ದರಿಂದ ಬೇಗ ಗುಣವಾಯಿತು.

ಗಿಡ್ಡ ತಳಿ ಉಳಿಸಲು ಇಲ್ಲೇ ಬೇಳದಲ್ಲಿ ಸರಕಾರಿ ಫಾರ್ಮ್ ಇದೆ. ತುಂಬಾ ಸಂತೋಷ. ಆದರೆ ಅಮ್ಮನ ಈ ಕಣ್ಣನ್ನು ಯಾವ ಫಾರ್ಮ್ ಉಳಿಸಿ ಕೊಡಲಿಕ್ಕಿಲ್ಲ. ಅದನ್ನು ಮನೆಯವರೇ ಹಟ್ಟಿಯಲ್ಲಿ ನಿಂತು ಕಲಿಯಬೇಕು.

ಕೆಂಪಿಯ ಹೆಣ್ಣು ಕರು ಒಂದನ್ನು ಕೊಡುವುದಿದೆ. ಬೇಕಾದವರು ಬನ್ನಿ. ಆದರೆ ಅರ್ಧ ದಿನ ಹಟ್ಟಿಯ ಹತ್ತಿರ ಕೂತು ಅದನ್ನು ನೋಡಿ. ಅದಕ್ಕೆ ಗುಡುಗು ಅಂದರೆ ಹೆದರಿಕೆ, ಹಲಸಿನ ಸೊಪ್ಪು ಅಂದರೆ ಪ್ರಾಣ. ಚಿನ್ನು ಅಂತ ಕರೆದರೆ ಓಡಿ ಬರುತ್ತದೆ. ಆ ಹೆಸರು ಮಾತ್ರ ಬದಲಿಸಬೇಡಿ.