‘ಅಜ್ಜಿ ಸೀರೆ’ ಅಂತ ಮಾರೋರಿಗೆ ಕೇಳಬೇಕಾದ್ದು

ಮೊಬೈಲ್ ತೆರೆದರೆ ಸಾಕು, ‘ವಿಂಟೇಜ್ ಇಳಕಲ್, ಅಜ್ಜಿ ಕಾಲದ್ದು’ ಅಂತ ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಸೀರೆಗಳು ಮಾರಾಟಕ್ಕೆ ನಿಂತಿರುತ್ತವೆ. ರೂಢಿಯ ಲೆಕ್ಕ ಸರಳ: 20 ವರ್ಷ ದಾಟಿದ್ದು ವಿಂಟೇಜ್, 100 ದಾಟಿದ್ದು ಆಂಟಿಕ್. ಹಾಗಾದರೆ 2004ರ ಪಾಲಿಯೆಸ್ಟರ್ ಸೀರೆಯೂ ವಿಂಟೇಜೇ. ಕರೆದುಕೊಳ್ಳಲಿ ಬಿಡಿ. ಆದರೆ ಹೆಚ್ಚಿಗೆ ರೊಕ್ಕ ಕೇಳುವಾಗ ಯಾವ ಕಾಲದ್ದು, ಹೆಂಗೆ ನೇಯ್ದದ್ದು ಅನ್ನೋದು ಬಟ್ಟೆ ಮೇಲೇ ಕಾಣಬೇಕು. ಕಾಣದಿದ್ದರೆ ಅದಕ್ಕೆ ಕೌದಿ ಹೊಲಿಯೋ ಅರಿವೆಯ ದರವೇ ಸಾಕು.

ಮೊದಲು ಸೆರಗು ಮೈಗೆ ಕೂಡುವ ಜಾಗ ತಿರುವಿ ಹಾಕಿ. ಇಳಕಲ್, ಗದಗ-ಬೆಟಗೇರಿಯ ಕೈಮಗ್ಗದ ಸೀರೆಯಲ್ಲಿ ಮೈಯ ಹಾಸೇ (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿರುತ್ತಾರೆ; ಉಗುರು ಆಡಿಸಿದರೆ ಸಣ್ಣ ಏರು ಸಿಗುತ್ತದೆ. ಒಂದೇ ಹಾಸು ಉದ್ದಕ್ಕೂ ಹೋಗಿದ್ದರೆ ಹಸಿರು ಮೈಯ ಸೀರೆಯ ಕೆಂಪು ಸೆರಗಿನಲ್ಲೂ ಹಸಿರು ಇಣುಕಿ ಬಣ್ಣ ಮಂಕಾಗಿರುತ್ತದೆ. ಆದರೆ ಕುಣಿಕೆ ಇದೆ ಅಂದಮಾತ್ರಕ್ಕೆ ಹಳೇದಲ್ಲ, ಇವತ್ತೂ ಹಂಗೇ ನೇಯುತ್ತಾರೆ.

ವಯಸ್ಸಿಗೆ ಒಳ್ಳೇ ಸಾಕ್ಷಿ ಅಂಗಡಿಯ ಚೀಟಿ, ಮುದ್ರೆ, ಹಳೇ ಡಬ್ಬಿ. ಆರಂಕಿಯ ಪಿನ್‌ಕೋಡ್ ಇದ್ದರೆ 15 ಆಗಸ್ಟ್ 1972ರ ಈಚಿನದು. ಕೈಮಗ್ಗದ ಹ್ಯಾಂಡ್‌ಲೂಮ್ ಮಾರ್ಕ್ 2006ರಿಂದ, ರೂಪಾಯಿಯ ₹ ಚಿಹ್ನೆ 2010ರಿಂದ. ಜಿಎಸ್‌ಟಿ ನಂಬರ್ ಇದ್ದರೆ ಮಾತೇ ಬೇಡ, ಅದು 2017ರ ಮೇಲಿನದು. ‘ಮೈಸೂರು ರಾಜ್ಯ’ ಅಂತಿದ್ದರೆ 1 ನವೆಂಬರ್ 1973ಕ್ಕಿಂತ ಹಿಂದಿನದು ಅನ್ನಬಹುದು. ಆದರೆ ಈ ಸಾಕ್ಷಿ ಸ್ವಲ್ಪ ಸಡಿಲ: ಅಚ್ಚು ಹಾಕಿಸಿದ ಚೀಟಿ ಮುಗಿಯೋವರೆಗೂ ಯಾವ ಅಂಗಡಿಯವರೂ ಬಿಸಾಡೋದಿಲ್ಲ. ಡಬ್ಬಿಯೂ ಅಷ್ಟೇ, ಒಳಗಿನ ಸೀರೆ ಯಾವಾಗ ಬದಲಾಯಿತೋ!

ಉದ್ದವನ್ನೂ ಅಳೆಯಿರಿ. ಹಳಬರು ಕಚ್ಚೆ ಹಾಕಿ ಉಡುತ್ತಿದ್ದ ಹದಿನೆಂಟು ಮೊಳದ್ದು ಸುಮಾರು 8.2 ಮೀಟರ್ ಬರುತ್ತದೆ. ಮೈಬಣ್ಣದ್ದೇ ಬ್ಲೌಸ್ ಪೀಸ್ ಅಂಟಿಕೊಂಡೇ ಬಂದಿದ್ದರೆ ಅನುಮಾನ ಪಡಿ. ಹಳಬರು ಕುಪ್ಪಸಕ್ಕೆ ಗುಳೇದಗುಡ್ಡದ ಖಣವನ್ನು ಬೇರೆಯಾಗಿ ತರುತ್ತಿದ್ದರು.

ಕಸೂತಿಯಲ್ಲಿ ಮೋಸ ಹೆಚ್ಚು. ಕೈಯ ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ಥರ, ಗಂಟಿಲ್ಲ. ಮಷೀನಿನದ್ದಾದರೆ ಹಿಂದೆ ಬಾಬಿನ್ ದಾರ ಕಾಣುತ್ತದೆ. ಹಳೇ ಸೀರೆಗೆ ಹೊಸ ಕಸೂತಿ ಹಾಕಿದ್ದನ್ನು ಹಿಡಿಯೋಕೆ ಸೂಜಿ ಮೊನೆಯಿಂದ ಒಂದು ಹೊಲಿಗೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ. ಅಡಿಯ ಬಟ್ಟೆ ಸುತ್ತಲಿನದಕ್ಕಿಂತ ಗಾಢವಾಗಿದ್ದರೆ ಹೊಲಿಗೆ ಬಿದ್ದ ಮೇಲೆ ಸೀರೆ ಮಾಸಿದೆ. ಸುತ್ತಲಿನಷ್ಟೇ ಮಾಸಿದ್ದರೆ ಕಸೂತಿ ಆಮೇಲಿನದು. ಇಷ್ಟು ಖಚಿತವಾಗಿ ಹೇಳುವ ಪರೀಕ್ಷೆ ಬೇರೆ ಕಡಿಮೆ.

ಮಾಸಿದ ಬಗೆಯೂ ಮುಖ್ಯ. ಉಟ್ಟು ಸವೆದದ್ದು ಮಡಿಕೆಯ ಗೆರೆಗುಂಟ, ಹಿಮ್ಮಡಿಗೆ ತಾಗುವ ಕೆಳದಡಿಯಲ್ಲಿ ಸವೆದಿರುತ್ತದೆ. ಇಡೀ ಸೀರೆ ಒಂದೇ ಸಮ ಮಾಸಿದ್ದರೆ ಬ್ಲೀಚಿನ ಕೈವಾಡ ಇರಬಹುದು.

ಸೆರಗು ರೇಷ್ಮೆ ಅಂದರೆ ಕುಚ್ಚಿನ ಒಂದು ಎಳೆ ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ, ಚಮಕಾ (ರೇಯಾನ್, ಅಂದರೆ ಕೃತಕ ರೇಷ್ಮೆ) ಕಾಗದದಂತೆ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಕೊಂಡ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ತೇವ ಒಳಗೇ ಉಳಿಯುತ್ತದೆ. ತೊಳೆದ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ. ಸೀಳಿದ್ದರೆ ಬಿಗಿಯಾಗಿ ಎಳೆದು ಹೊಲಿಯಬೇಡಿ, ಹೊಲಿಗೆ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಅಡಿಗೆ ಮಲ್‌ಮಲ್ ತುಂಡಿಟ್ಟು ಸಡಿಲ ಟಾಕು ಹಾಕಿ.