ನೆನೆಸಿದರೆ ಸಾಲದು, ಉಜ್ಜಲೂ ಬೇಕು

‘ಉಜ್ಜುವ ಅಗತ್ಯವಿಲ್ಲ’ ಎಂದು ದ್ರಾವಣದ ಬಾಟಲಿಯ ಮೇಲಿದ್ದರೆ, ಕಣ್ಣಿಗೆ ಧರಿಸುವ ಮೃದು ಕಾಂಟ್ಯಾಕ್ಟ್ ಲೆನ್ಸನ್ನು ರಾತ್ರಿಯಿಡೀ ಅದರಲ್ಲಿ ನೆನೆಸಿಟ್ಟರೆ ಸಾಕೆಂಬ, ಲೆನ್ಸ್ ಆರೈಕೆಯ ಕುರಿತ ಲೇಖನವೊಂದರ ಲೇಖಕರ ಮಾತನ್ನು ನಾನು ಒಪ್ಪಲಾರೆ. ಲೆನ್ಸಿಗೆ ಅಂಟಿಕೊಂಡ ಪ್ರೋಟೀನು, ಕೊಬ್ಬಿನಂಶ ಮತ್ತು ಸೂಕ್ಷ್ಮಾಣುಗಳನ್ನು, ಲೆನ್ಸನ್ನು ಅಂಗೈಯಲ್ಲಿಟ್ಟು ದ್ರಾವಣ ಹಾಕಿ ಬೆರಳ ತುದಿಯಿಂದ ಮೆಲ್ಲನೆ ಉಜ್ಜಿ ತೊಳೆದು ಸಡಿಲಿಸದಿದ್ದರೆ, ಆ ಪದರದ ಅಡಿಯಲ್ಲಿ ಅವಿತ ಜೀವಿಗಳನ್ನು ಸೋಂಕುನಿವಾರಕವು ಪೂರ್ತಿಯಾಗಿ ತಲುಪಲಾರದು. ಡಬ್ಬಿಯಲ್ಲಿ ಉಳಿದ ದ್ರಾವಣಕ್ಕೆ ಹೊಸದನ್ನು ಬೆರೆಸುವುದು (ಜಿಪುಣತನದಿಂದ ನಾನೂ ಬಹುಕಾಲ ಮಾಡಿದ್ದೇನೆ) ಅದರ ಶಕ್ತಿಯನ್ನೇ ಕುಂದಿಸುತ್ತದೆ. ಲವಣದ್ರಾವಣವಂತೂ ತೊಳೆಯಲು ಮಾತ್ರ ಯೋಗ್ಯ, ಸೋಂಕು ನಿವಾರಿಸದು. ಇನ್ನು ಸೋಂಕು ನಿವಾರಿಸಲು ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ಬಳಸುವವರು ಅದರದೇ ವಿಶೇಷ ಡಬ್ಬಿಯಲ್ಲಿ, ಸಾಮಾನ್ಯವಾಗಿ ಕನಿಷ್ಠ 6 ಗಂಟೆ, ಅದು ನಿಷ್ಕ್ರಿಯಗೊಳ್ಳುವವರೆಗೆ ಕಾಯದೆ ಲೆನ್ಸ್ ಧರಿಸಿದರೆ ಕಣ್ಣು ಸುಟ್ಟಂತೆ ಉರಿಯುತ್ತದೆ. ಲೇಖನದಲ್ಲಿ ಈ ಎಚ್ಚರಿಕೆಯೇ ಇಲ್ಲ.